ಜೋಗ, ಆಗುಂಬೆ, ಮರವಂತೆ: ಸೆಪ್ಟೆಂಬರ್ ಪ್ರವಾಸಕ್ಕೆ ಯಾವ ಫಿಲ್ಟರ್ ತಗೊಳ್ಳಲಿ?

ಮಲೆನಾಡ ಮೋಡ (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ ಕೊನೆಯ ವಾರ ಐದು ದಿನ ರಜೆ ಸಿಕ್ಕಿದೆ. ಮೊದಲು ಜೋಗ, ಅಲ್ಲಿಂದ ತೀರ್ಥಹಳ್ಳಿ ದಾರಿಯಲ್ಲಿ ಆಗುಂಬೆ, ಆಮೇಲೆ ಘಾಟಿ ಇಳಿದು ಮರವಂತೆ. ಜೊತೆಗೆ ತಂಗಿ ಬರುತ್ತಾಳೆ. ಇಬ್ಬರಿಗೂ ಫೋಟೊ ಹುಚ್ಚು.

ನನ್ನದು ಕ್ರಾಪ್ ಸೆನ್ಸರ್ ಕ್ಯಾಮೆರಾ. ಮೂರು ಲೆನ್ಸ್ ಇವೆ. ವೈಡ್ ಲೆನ್ಸಿನ ಥ್ರೆಡ್ (ಫಿಲ್ಟರ್ ತಿರುಪುವ ಬಾಯಿಯ ಅಳತೆ) 77 ಎಂಎಂ, ದಿನಬಳಕೆಯ ಜೂಮ್ 67, ಟೆಲಿ 58. ಟ್ರೈಪಾಡ್ ಗಟ್ಟಿಯಾಗಿದೆ. ಫಿಲ್ಟರ್ ಮಾತ್ರ ಒಂದೂ ಇಲ್ಲ. ಕಳೆದ ವರ್ಷ ಇದೇ ದಾರಿಯಲ್ಲಿ ಹೋಗಿ ಬಂದಾಗ ಮನೆಗೆ ಬಂದು ಫೋಟೊ ನೋಡಿ ಬೇಜಾರಾಯಿತು. ಎಲೆಗಳ ಮೇಲೆಲ್ಲ ಬಿಳಿ ಹೊಳಪು. ನಾನು ಕಂಡ ಹಸಿರು ಅಲ್ಲಿರಲಿಲ್ಲ. ಸಮುದ್ರದ ಫೋಟೊದಲ್ಲಿ ಆಕಾಶ ಸರಿ ಬಂದರೆ ಮರಳು ಕಪ್ಪು, ಮರಳು ಸರಿ ಬಂದರೆ ಆಕಾಶ ಪೂರ್ತಿ ಬಿಳಿ.

ಅಂಗಡಿಗೆ ಹೋದೆ. ಯುವಿ, ಸಿಪಿಎಲ್, ಎನ್‌ಡಿ, ಜಿಎನ್‌ಡಿ, ಚೌಕದ ಫಿಲ್ಟರ್ ಇಡುವ ಹೋಲ್ಡರ್ ಅಂತ ಮೇಜಿನ ತುಂಬ ಹರಡಿದರು. ಎಲ್ಲವೂ ಬೇಕು ಅಂದರು. ನಾನು ಇಟ್ಟುಕೊಂಡಿರುವುದು ಹತ್ತು ಸಾವಿರ ರೂಪಾಯಿ. ಯಾವುದು ಮೊದಲು? ಯಾವುದು ಬಿಟ್ಟರೂ ನಡೆಯುತ್ತದೆ? ಆ ಜಾಗಗಳಲ್ಲಿ ಫೋಟೊ ತೆಗೆದವರು ಹೇಳಿದರೆ ತುಂಬ ಉಪಕಾರ.

ಶರಾವತಿ ಸೀಮೆ (ಸಾಗರ)

ಮೊದಲು ಸಿಪಿಎಲ್, ಅಂದರೆ ಸರ್ಕ್ಯುಲರ್ ಪೋಲರೈಸರ್. ಅದರಲ್ಲಿ ನನಗೆ ಅನುಮಾನವೇ ಇಲ್ಲ.

ನಿಮ್ಮ ಬಿಳಿ ಹೊಳಪಿನ ಸಮಸ್ಯೆ ಏನು ಗೊತ್ತಾ? ಮಳೆಯಲ್ಲಿ ನೆನೆದ ಎಲೆ ಕನ್ನಡಿಯ ಹಾಗೆ. ಮೇಲಿನ ಮೋಡವನ್ನೇ ತೋರಿಸುತ್ತದೆ. ಕಪ್ಪು ಬಂಡೆ, ಕೆಸರು ದಾರಿ, ಅಡಿಕೆ ಸೋಗೆ ಎಲ್ಲದರ ಮೇಲೂ ಆ ಮೋಡದ ಬಿಳುಪು ಕೂತಿರುತ್ತದೆ. ಸಿಪಿಎಲ್ ತಿರುಗಿಸುತ್ತ ಹೋದರೆ ಆ ಬಿಳುಪು ಎದ್ದು ಹೋಗಿ ಒಳಗಿನ ಬಣ್ಣ ಹೊರಗೆ ಬರುತ್ತದೆ. ಕಂಪ್ಯೂಟರಿನಲ್ಲಿ ಬಣ್ಣ ಹೆಚ್ಚಿಸಬಹುದು. ಆದರೆ ಹೊಳಪಿನ ಕೆಳಗೆ ಮುಚ್ಚಿಹೋದ ಎಲೆಯನ್ನು ಕಂಪ್ಯೂಟರ್ ಎಲ್ಲಿಂದ ತರುತ್ತದೆ? ನಾನು ಫಿಲ್ಟರ್ ಆರಿಸುವುದೇ ಹೀಗೆ. ಆಮೇಲೆ ಮನೆಯಲ್ಲಿ ಕೂತು ಮಾಡಲು ಆಗದ ಕೆಲಸ ಯಾವುದೋ, ಅದಕ್ಕೆ ದುಡ್ಡು ಹಾಕುತ್ತೇನೆ.

ಜೋಗದ ಬಗ್ಗೆ ಒಂದು ಮಾತು. ಸೆಪ್ಟೆಂಬರ್ ಕೊನೆಗೆ ನೀರು ಎಷ್ಟಿರುತ್ತದೆ ಎನ್ನುವುದು ಮಳೆಯ ಮೇಲೂ, ಲಿಂಗನಮಕ್ಕಿ ಅಣೆಕಟ್ಟಿನಿಂದ ಎಷ್ಟು ಬಿಡುತ್ತಾರೆ ಎನ್ನುವುದರ ಮೇಲೂ ನಿಂತಿದೆ. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಬೇರೆ ಬೇರೆಯಾಗಿ ಕಾಣುವಷ್ಟು ನೀರಿದ್ದರೆ ಫೋಟೊಗೆ ಅದೇ ಚಂದ. ನೀರು ಜಾಸ್ತಿಯಾದರೆ ನಾಲ್ಕೂ ಸೇರಿ ಒಂದೇ ಗೋಡೆಯಾಗುತ್ತದೆ, ಕೆಳಗಿನಿಂದ ಏಳುವ ತುಂತುರು ಎಲ್ಲವನ್ನೂ ಮುಚ್ಚುತ್ತದೆ. ಆಗ ಯಾವ ಫಿಲ್ಟರೂ ಕೆಲಸಕ್ಕೆ ಬರುವುದಿಲ್ಲ. ಕಾಯಬೇಕು, ಅಷ್ಟೇ. ಒಂದು ಗಂಟೆ ಕಾದರೆ ಐದು ನಿಮಿಷ ತೆರೆಯುತ್ತದೆ.

ಮೂರು ಕಾಲು (ಮೈಸೂರು)

ಸಿಪಿಎಲ್ ವಿಷಯದಲ್ಲಿ ಸಾಗರದವರ ಮಾತೇ ನನ್ನದೂ. ಆದರೆ ಕೊಳ್ಳುವ ಮೊದಲು ಅಳತೆಯ ಬಗ್ಗೆ ಯೋಚಿಸಿ.

ಮೂರು ಲೆನ್ಸಿಗೆ ಮೂರು ಸಿಪಿಎಲ್ ತಗೋಬೇಡಿ. ದೊಡ್ಡ ಥ್ರೆಡ್ಡಿಗೆ ಒಂದೇ ಒಳ್ಳೆಯದನ್ನು ತಗೊಳ್ಳಿ, ನಿಮ್ಮ ಲೆಕ್ಕದಲ್ಲಿ 77. ಆಮೇಲೆ 67ರಿಂದ 77ಕ್ಕೆ ಒಂದು ಸ್ಟೆಪ್ ಅಪ್ ರಿಂಗ್ (ಚಿಕ್ಕ ಲೆನ್ಸಿಗೆ ದೊಡ್ಡ ಫಿಲ್ಟರ್ ಕೂರಿಸುವ ಬಳೆ), 58ರಿಂದ 77ಕ್ಕೆ ಇನ್ನೊಂದು. ರಿಂಗಿಗೆ ಕೆಲವು ನೂರು ರೂಪಾಯಿ ಸಾಕು. ಒಂದು ತೊಂದರೆ ಇದೆ. ರಿಂಗ್ ಹಾಕಿದ ಮೇಲೆ ಆ ಲೆನ್ಸಿನ ಹುಡ್ (ಗಾಜಿನ ಮುಂದೆ ಚಾಚುವ ಮರೆ) ಕೂರುವುದಿಲ್ಲ. ಮಳೆಯಲ್ಲಿ ಹುಡ್ ಇಲ್ಲದಿದ್ದರೆ ಹನಿ ನೇರವಾಗಿ ಗಾಜಿಗೆ ಬೀಳುತ್ತದೆ. ಅದಕ್ಕೆ ಛತ್ರಿ ಹಿಡಿಯಲು ತಂಗಿ ಇದ್ದಾರಲ್ಲ, ಸರದಿ ಪ್ರಕಾರ ಹಿಡಿಯಿರಿ.

ಎರಡನೆಯದು ಎನ್‌ಡಿ. ಅಂದರೆ ಬಣ್ಣ ಬದಲಿಸದೆ ಬೆಳಕನ್ನು ಮಾತ್ರ ಕಡಿಮೆ ಮಾಡುವ ಕಪ್ಪು ಗಾಜು. ಒಂದೊಂದು ಕಂಪನಿ ಒಂದೊಂದು ರೀತಿ ಬರೆಯುವುದರಿಂದ ಹೊಸಬರಿಗೆ ಗೊಂದಲವಾಗುತ್ತದೆ. ಎನ್‌ಡಿ 8 ಅಂದರೂ 0.9 ಅಂದರೂ ಒಂದೇ, 3 ಸ್ಟಾಪ್. ಎನ್‌ಡಿ 64 ಅಂದರೆ 1.8, ಅದು 6 ಸ್ಟಾಪ್. ಎನ್‌ಡಿ 1000 ಅಂದರೆ 3.0, ಅದು 10 ಸ್ಟಾಪ್. ಪ್ರತಿ ಸ್ಟಾಪಿಗೆ ಬೆಳಕು ಅರ್ಧವಾಗುತ್ತದೆ, ಹಾಗಾಗಿ ಶಟರ್ ತೆರೆದಿರಬೇಕಾದ ಸಮಯ ಎರಡು ಪಟ್ಟಾಗುತ್ತದೆ. ಫಿಲ್ಟರ್ ಇಲ್ಲದೆ 1/60 ಸೆಕೆಂಡ್ ಬಂದಿದೆ ಅಂದುಕೊಳ್ಳಿ. 3 ಸ್ಟಾಪ್ ಹಾಕಿದರೆ ಸುಮಾರು 1/8, 6 ಸ್ಟಾಪಿಗೆ ಹೆಚ್ಚು ಕಡಿಮೆ 1 ಸೆಕೆಂಡ್, 10 ಸ್ಟಾಪಿಗೆ 17 ಸೆಕೆಂಡ್.

ನಿಮಗೆ ಒಂದೇ ಎನ್‌ಡಿ ಅಂದರೆ ನಾನು 6 ಸ್ಟಾಪ್ ಹೇಳುತ್ತೇನೆ. 10 ಸ್ಟಾಪ್ ನಡುಮಧ್ಯಾಹ್ನದ ಬಿಸಿಲಿಗೆ ಚೆನ್ನ. ನೀವು ಹೋಗುವುದು ಮೋಡದ ದಿನಗಳಲ್ಲಿ. ಆಗುಂಬೆ ಕಾಡಿನೊಳಗಿನ ಹಳ್ಳದ ಹತ್ತಿರ 10 ಸ್ಟಾಪ್ ಹಾಕಿದರೆ ನಿಮಿಷಗಟ್ಟಲೆ ನಿಲ್ಲಬೇಕಾಗುತ್ತದೆ. ಅಷ್ಟರಲ್ಲಿ ಗಾಳಿಗೆ ಪ್ರತಿಯೊಂದು ಎಲೆಯೂ ಅಲುಗಾಡಿರುತ್ತದೆ.

ಮಲೆನಾಡ ಮೋಡ

ತುಂಬ ಸ್ಪಷ್ಟವಾಯಿತು, ಇಬ್ಬರಿಗೂ ಧನ್ಯವಾದ. ಎರಡು ಅನುಮಾನ. ಅಂಗಡಿಯಲ್ಲಿ ಲೀನಿಯರ್ ಪೋಲರೈಸರ್ ಅಂತ ಒಂದು ಹಳೆಯದು ಅಗ್ಗಕ್ಕೆ ಕೊಡುತ್ತೇನೆ ಅಂದರು, ಅದು ನಡೆಯುತ್ತದಾ? ವೈಡ್ ಲೆನ್ಸಿಗೆ ಸಿಪಿಎಲ್ ಹಾಕಬಾರದು ಅಂತ ಒಬ್ಬರು ಹೇಳಿದರು, ಅದು ನಿಜವಾ?

ಬೆಳಕಿನ ಲೆಕ್ಕ (ಧಾರವಾಡ)

ನಾನು ಭೌತಶಾಸ್ತ್ರ ಮೇಷ್ಟ್ರು. ಇದು ನನಗೆ ಬಹಳ ಪ್ರೀತಿಯ ವಿಷಯ, ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಬೆಳಕು ನೀರಿನ ಮೇಲೆ ಅಥವಾ ಎಲೆಯ ಮೇಲೆ ಓರೆಯಾಗಿ ಬಿದ್ದು ಪುಟಿದಾಗ ಅದರ ಕಂಪನ ಹೆಚ್ಚಾಗಿ ಒಂದೇ ದಿಕ್ಕಿಗೆ ಒಗ್ಗಿರುತ್ತದೆ. ಪೋಲರೈಸರ್ ಕಿಟಕಿಯ ಸರಳುಗಳಿದ್ದ ಹಾಗೆ. ಒಂದು ದಿಕ್ಕಿನ ಕಂಪನವನ್ನು ಬಿಡುತ್ತದೆ, ಇನ್ನೊಂದನ್ನು ತಡೆಯುತ್ತದೆ. ನೀವು ರಿಂಗ್ ತಿರುಗಿಸುವುದು ಅಂದರೆ ಆ ಸರಳುಗಳನ್ನು ತಿರುಗಿಸುವುದು. ನೀರಿಗೆ ಇದು ಅತಿ ಚೆನ್ನಾಗಿ ಕೆಲಸ ಮಾಡುವುದು ನೇರ ಕೆಳಗೆ ನೋಡುವ ಗೆರೆಯಿಂದ ಸುಮಾರು 53 ಡಿಗ್ರಿ ಓರೆಯಲ್ಲಿ ನೋಡಿದಾಗ. ಹಳ್ಳದ ದಂಡೆಯಲ್ಲಿ ನಿಂತು ಒಂದೂವರೆ ಎರಡು ಮೀಟರ್ ಆಚೆಗಿನ ನೀರು ನೋಡಿದರೆ ಹೆಚ್ಚುಕಡಿಮೆ ಆ ಓರೆ ಬರುತ್ತದೆ. ತಳದ ಕಲ್ಲು ಕಾಣಬೇಕು ಅಂದರೆ ಅಲ್ಲಿ ಪ್ರಯತ್ನಿಸಿ. ದೂರದ ನೀರಿಗೆ ಅಷ್ಟು ಪರಿಣಾಮ ಇರುವುದಿಲ್ಲ.

ಇದೇ ಉಪಾಯವನ್ನು ಸಿ.ವಿ. ರಾಮನ್ ಸಮುದ್ರದ ಮೇಲೆ ಬಳಸಿದರು. 1921ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಹಿಂತಿರುಗುವಾಗ ಅವರ ಬಳಿ ನಿಕೋಲ್ ಪ್ರಿಸಂ ಇತ್ತು. ಅದೂ ಪೋಲರೈಸರೇ. ಸಮುದ್ರದ ನೀಲಿ ಅಂದರೆ ಬರೀ ಆಕಾಶದ ಪ್ರತಿಬಿಂಬ ಅಂತ ಲಾರ್ಡ್ ರೇಲಿಯಂಥವರು ಹೇಳಿದ್ದ ಕಾಲ ಅದು. ರಾಮನ್ ಪ್ರಿಸಂ ಹಿಡಿದು ಮೇಲ್ಮೈಯ ಪ್ರತಿಬಿಂಬವನ್ನು ತೆಗೆದು ನೋಡಿದರು. ನೀಲಿ ಹೋಗಲಿಲ್ಲ, ಇನ್ನೂ ಗಾಢವಾಯಿತು. ಹಾಗಾದರೆ ಆ ಬಣ್ಣ ನೀರಿನ ಒಳಗಿನಿಂದಲೇ ಬರುತ್ತಿದೆ ಅಂತಾಯಿತು. ಅಲ್ಲಿಂದ ಶುರುವಾದ ಹುಡುಕಾಟವೇ 1928ರ ಫೆಬ್ರವರಿ 28ಕ್ಕೆ ರಾಮನ್ ಪರಿಣಾಮದ ಶೋಧಕ್ಕೆ ಮುಟ್ಟಿದ್ದು. ಮರವಂತೆಯಲ್ಲಿ ಸಿಪಿಎಲ್ ತಿರುಗಿಸುವಾಗ ಇದು ನೆನಪಿರಲಿ. ನಾನಂತೂ ಪ್ರತಿ ವರ್ಷ ಮಕ್ಕಳಿಗೆ ಶಾಲೆಯ ನೀರಿನ ತೊಟ್ಟಿಯ ಹತ್ತಿರ ನಿಂತು ತೋರಿಸುತ್ತೇನೆ.

ಇನ್ನು ನಿಮ್ಮ ಪ್ರಶ್ನೆ. ಲೀನಿಯರ್ ಬೇಡ. ಡಿಎಸ್‌ಎಲ್‌ಆರ್ ಒಳಗಿನ ಕನ್ನಡಿ ವ್ಯವಸ್ಥೆಯಲ್ಲಿ ಅದು ಬೆಳಕು ಅಳೆಯುವ ಮೀಟರಿಂಗನ್ನೂ ಆಟೊಫೋಕಸ್ಸನ್ನೂ ದಾರಿ ತಪ್ಪಿಸಬಹುದು. ಸಿಪಿಎಲ್‌ನಲ್ಲಿ ಹಿಂಭಾಗಕ್ಕೆ ಇನ್ನೊಂದು ಪದರ ಇರುತ್ತದೆ, ಹಾಗಾಗಿ ಆ ತೊಂದರೆ ಇಲ್ಲ. ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು. ಒಂದು ಕನ್ನಡಿಯ ಮೇಲೆ ಫಿಲ್ಟರನ್ನು ಲೆನ್ಸಿಗೆ ತಿರುಪುವ ಬದಿ ಕೆಳಗೆ ಮಾಡಿ ಇಡಿ. ಕಪ್ಪಗೆ ಕಾಣಬೇಕು. ಮಗುಚಿ ಇಡಿ. ಈಗ ಕನ್ನಡಿ ಚೆನ್ನಾಗಿ ಹೊಳೆಯಬೇಕು. ಹೀಗಾದರೆ ಅದು ಸಿಪಿಎಲ್. ಎರಡು ಬದಿಯೂ ಒಂದೇ ಥರ ಕಂಡರೆ ಅದು ಲೀನಿಯರ್.

ವೈಡ್ ಲೆನ್ಸಿನ ಮಾತು ಅರ್ಧ ನಿಜ. ನೀಲಿ ಆಕಾಶ ಸೂರ್ಯನಿಂದ 90 ಡಿಗ್ರಿ ಪಕ್ಕದಲ್ಲಿ ಮಾತ್ರ ತುಂಬ ಪೋಲರೈಸ್ ಆಗಿರುತ್ತದೆ. ವೈಡ್ ಲೆನ್ಸ್ ಅಷ್ಟಗಲ ಆಕಾಶವನ್ನು ಹಿಡಿದಾಗ ನಡುವೆ ಒಂದು ಕಡೆ ಕಡುನೀಲಿ ತೇಪೆ ಹಾಕಿದ ಹಾಗೆ ಬರುತ್ತದೆ. ಮೋಡ ಮುಚ್ಚಿದ ಆಕಾಶಕ್ಕೆ ಈ ತೊಂದರೆ ಇಲ್ಲ. ಆಕಾಶವೇ ಇಲ್ಲದ ಕಾಡಿನ ಚಿತ್ರಕ್ಕೂ ಇಲ್ಲ. ಮಲೆನಾಡಿನ ಮಳೆಯಲ್ಲಿ ಧೈರ್ಯವಾಗಿ ಹಾಕಿ.

ಕಡಲ ತಡಿ (ಕುಂದಾಪುರ)

ಮೇಷ್ಟ್ರೇ, ರಾಮನ್ ಕಥೆ ಓದಿ ನನಗೆ ಈಗಲೇ ಸಮುದ್ರಕ್ಕೆ ಹೋಗಬೇಕು ಅನಿಸಿತು.

ಮಲೆನಾಡ ಮೋಡ, ಎಲ್ಲರೂ ಕಾಡಿನ ಬಗ್ಗೆಯೇ ಹೇಳಿದರು, ನಾನು ಮರವಂತೆಯ ಬಗ್ಗೆ ಹೇಳುತ್ತೇನೆ. ಒಂದು ಬದಿ ಕಡಲು, ನಡುವೆ ಹೆದ್ದಾರಿ 66, ಇನ್ನೊಂದು ಬದಿ ಸೌಪರ್ಣಿಕಾ. ಸೂರ್ಯ ಕಡಲಿನಲ್ಲೇ ಮುಳುಗುತ್ತಾನೆ. ಸೆಪ್ಟೆಂಬರ್ ಕೊನೆಗೆ ಆರೂ ಇಪ್ಪತ್ತರ ಸುಮಾರಿಗೆ. ಅಂಚಿನ ಗೆರೆ ಅಳತೆಪಟ್ಟಿ ಇಟ್ಟು ಎಳೆದ ಹಾಗೆ ನೇರ. ಜಿಎನ್‌ಡಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಜಿಎನ್‌ಡಿ ಅಂದರೆ ಅರ್ಧ ಕಪ್ಪು, ಅರ್ಧ ಬಣ್ಣವಿಲ್ಲದ ತಿಳಿ ಗಾಜು. ಕಪ್ಪು ಭಾಗ ಆಕಾಶದ ಮೇಲೆ ಬರುವ ಹಾಗೆ ಇಳಿಸಬೇಕು. ಸಾಫ್ಟ್ ಅಂದರೆ ಕಪ್ಪು ನಿಧಾನವಾಗಿ ಕರಗುತ್ತದೆ. ಹಾರ್ಡ್ ಅಂದರೆ ನಡುವೆ ತಟ್ಟನೆ ಬದಲಾಗುತ್ತದೆ. ರಿವರ್ಸ್ ಅಂತ ಇನ್ನೊಂದಿದೆ, ಅದರ ಕಪ್ಪು ನಡುಗೆರೆಯಲ್ಲಿ ಜಾಸ್ತಿ, ಮೇಲಕ್ಕೆ ಹೋದಂತೆ ಕಡಿಮೆ. ಸೂರ್ಯ ನೀರಿಗೆ ತಾಗುವ ಹೊತ್ತಿಗೆ ಬೆಳಕು ಜಾಸ್ತಿ ಇರುವುದು ಅಂಚಿನಲ್ಲೇ ಅಲ್ವಾ, ಅದಕ್ಕೆ ಹೇಳಿ ಮಾಡಿಸಿದ್ದು. ತಿರುಪಿನ ಗುಂಡು ಜಿಎನ್‌ಡಿ ಮಾತ್ರ ತಗೋಬೇಡಿ. ಅದರಲ್ಲಿ ಗೆರೆ ಯಾವಾಗಲೂ ಚಿತ್ರದ ನಟ್ಟನಡುವೆ. ಹೋಲ್ಡರಿನಲ್ಲಿ ಇಡುವ 100 ಎಂಎಂ ಅಗಲದ ಗಾಜಾದರೆ ಮೇಲೆ ಕೆಳಗೆ ಸರಿಸಬಹುದು.

ಉಪ್ಪು ನೀರಿನ ಬಗ್ಗೆ ಎಚ್ಚರ. ಆ ಸಮಯದಲ್ಲಿ ಅಲೆ ಇನ್ನೂ ಜೋರಾಗಿಯೇ ಇರುತ್ತದೆ. ದಡದಲ್ಲಿ ಹಾಕಿದ ಬಂಡೆಗಳಿಗೆ ಅಪ್ಪಳಿಸಿದಾಗ ಸೀರ್ಪನಿ ಗಾಳಿಯಲ್ಲಿ ಬಂದು ಗಾಜಿಗೆ ಕೂರುತ್ತದೆ. ಒಣಬಟ್ಟೆಯಲ್ಲಿ ಉಜ್ಜಬೇಡಿ. ಉಪ್ಪಿನ ಹರಳು, ಮರಳಿನ ಕಣ ಗೀರು ಹಾಕುತ್ತವೆ. ಫಿಲ್ಟರ್ ಬಿಚ್ಚಿ, ಕುಡಿಯುವ ನೀರಿನಿಂದ ತೊಳೆದು, ಆಮೇಲೆ ಮೆತ್ತಗಿನ ಬಟ್ಟೆಯಲ್ಲಿ ಒತ್ತಿ ಒರೆಸಿ. ಟ್ರೈಪಾಡ್ ಕಾಲುಗಳನ್ನೂ ಅದೇ ರಾತ್ರಿ ಸಿಹಿನೀರಿನಲ್ಲಿ ತೊಳೆಯಿರಿ.

ಎಲ್ಲಕ್ಕಿಂತ ಮುಖ್ಯ: ಆ ಬಂಡೆಗಳ ಮೇಲೆ ಇಳಿಯಬೇಡಿ. ಪಾಚಿ ಹಿಡಿದಿರುತ್ತವೆ. ಕಡಲಿಗೆ ಬೆನ್ನು ಹಾಕಿ ನಿಲ್ಲಬೇಡಿ. ನಾವು ಇಲ್ಲಿಯವರೇ ಮಳೆಗಾಲದಲ್ಲಿ ಹತ್ತಿರ ಹೋಗುವುದಿಲ್ಲ. ತಂಗಿಗೂ ಹೇಳಿ.

ಹಂಪಿ ಬಂಡೆ (ಹೊಸಪೇಟೆ)

ಅಕ್ಕ ಹೇಳಿದ ಎಚ್ಚರಿಕೆಗಳೆಲ್ಲ ಸರಿ. ಜಿಎನ್‌ಡಿ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬೇರೆ. ಹತ್ತು ಸಾವಿರದೊಳಗೆ ಅದಕ್ಕೆ ದುಡ್ಡು ಹಾಕಬೇಡಿ.

ನಾನು ಹೆಚ್ಚಾಗಿ ಹಂಪಿಯಲ್ಲಿ ತೆಗೆಯುವವನು. ಮಾತಂಗ ಬೆಟ್ಟದ ಮೇಲೆ ಬೆಳಗ್ಗೆ ನಿಂತರೆ ಅಂಚು ನೇರ ಇಲ್ಲ. ಬಂಡೆಗಳು, ವಿರೂಪಾಕ್ಷ ಗೋಪುರ, ತೆಂಗಿನ ತಲೆಗಳು ಎಲ್ಲ ಆಕಾಶಕ್ಕೆ ಚಾಚಿವೆ. ಹಾರ್ಡ್ ಜಿಎನ್‌ಡಿ ಇಳಿಸಿದರೆ ಗೋಪುರದ ಮೇಲರ್ಧ ಕಪ್ಪಾಗುತ್ತದೆ. ಎರಡು ವರ್ಷ ಅದರೊಂದಿಗೆ ಗುದ್ದಾಡಿ ಕೊನೆಗೆ ಬ್ರಾಕೆಟಿಂಗಿಗೆ ಬಂದೆ. ಮೂರು ಫೋಟೊ: ಒಂದು ಸರಿಯಾಗಿ, ಒಂದು ಎರಡು ಸ್ಟಾಪ್ ಕಡಿಮೆ, ಒಂದು ಎರಡು ಸ್ಟಾಪ್ ಜಾಸ್ತಿ. ಮನೆಯಲ್ಲಿ ಸೇರಿಸಿದರೆ ಆಕಾಶವೂ ಇದೆ, ಬಂಡೆಯ ಸಾಲೂ ಇದೆ. ಈಗಿನ ಸೆನ್ಸರುಗಳಲ್ಲಿ ರಾ ಫೈಲ್ (ಕ್ಯಾಮೆರಾ ಕುಗ್ಗಿಸದೆ ಕೊಡುವ ಮೂಲ ಫೈಲ್) ತೆಗೆದರೆ ನೆರಳಿನಿಂದ ಎಷ್ಟೋ ವಿವರ ಎತ್ತಬಹುದು. ಆಗುಂಬೆಯ ಬೆಟ್ಟಸಾಲಿಗೂ ಇದೇ ಮಾತು.

ಸಾಗರದವರು ಹೇಳಿದ ಅಳತೆಗೋಲನ್ನೇ ಹಿಡಿಯಿರಿ. ಹೊಳಪು ತೆಗೆಯುವುದು ಮನೆಯಲ್ಲಿ ಆಗದು, ಸಿಪಿಎಲ್ ಬೇಕು. ಅಲೆಯನ್ನು ಎಂಟು ಸೆಕೆಂಡ್ ಹರಿಯಲು ಬಿಡುವುದೂ ಸುಲಭಕ್ಕೆ ಆಗದು, ಎನ್‌ಡಿ ಬೇಕು. ಆಕಾಶ ಕಪ್ಪು ಮಾಡುವುದು ಆಗುತ್ತದೆ.

ಕಡಲ ತಡಿ

ತಮ್ಮಾ, ಬಂಡೆ ಕದಲುವುದಿಲ್ಲ, ಅಲೆ ಕದಲುತ್ತದೆ. ನಿಮ್ಮ ಮೂರು ಫೋಟೊಗಳಲ್ಲಿ ಮೂರು ಬೇರೆ ಅಲೆ ಇರುತ್ತವೆ. ಸೇರಿಸಿದಾಗ ಅಲೆಯ ಅಂಚಿನಲ್ಲಿ ನೆರಳು ನೆರಳಾಗಿ ಬರುತ್ತದೆ. ಅದನ್ನು ಸರಿಪಡಿಸಲು ನಾನು ರಾತ್ರಿಯಿಡೀ ಕೂತಿದ್ದೇನೆ. ನನಗೆ ಅಲ್ಲೇ, ಒಂದೇ ಫೋಟೊದಲ್ಲಿ ಎಲ್ಲ ಸಿಗಬೇಕು. ಪರದೆಯಲ್ಲಿ ನೋಡಿದ ಕೂಡಲೇ ಗೊತ್ತಾಗಬೇಕು, ಸಿಕ್ಕಿತಾ ಇಲ್ಲವಾ ಅಂತ.

ಆದರೆ ನೀವು ಹೇಳಿದ ದುಡ್ಡಿನ ಮಾತು ಸರಿ. ಐದು ದಿನದಲ್ಲಿ ಒಂದು ಸಂಜೆಗೋಸ್ಕರ ಹೋಲ್ಡರ್, ಅಡಾಪ್ಟರ್, ಗಾಜು ಎಲ್ಲ ಕೊಳ್ಳುವುದು ಭಾರವೇ. ಮಲೆನಾಡ ಮೋಡ, ನನ್ನ ಹತ್ತಿರ 77ರ ಅಡಾಪ್ಟರ್ ಇದೆ, ಸಾಫ್ಟ್ ಮತ್ತು ರಿವರ್ಸ್ ಎರಡೂ ಇವೆ. ಮರವಂತೆಗೆ ಬಂದ ದಿನ ನಾನೂ ಬರುತ್ತೇನೆ. ಹಾಕಿ ನೋಡಿ, ಆಮೇಲೆ ಕೊಳ್ಳುವುದೋ ಬಿಡುವುದೋ ತೀರ್ಮಾನ ಮಾಡಿ.

ಹಂಪಿ ಬಂಡೆ

ಅಲೆಯ ಮಾತು ಒಪ್ಪಿದೆ ಅಕ್ಕ. ನಾನು ಕಡಲಿನಲ್ಲಿ ತೆಗೆದದ್ದು ಎರಡೇ ಸಲ.

ಹಳೆ ರೀಲು (ಬೆಂಗಳೂರು)

ಯುವಿ ಬಗ್ಗೆ ಯಾರೂ ಬರೆಯಲಿಲ್ಲ, ನಾನು ಬರೆಯುತ್ತೇನೆ. ನನ್ನದು ಕಪ್ಪುಬಿಳುಪು ಫಿಲ್ಮಿನ ಕಾಲದಿಂದ ಬಂದ ಅನುಭವ. ಆಗ ಫಿಲ್ಮಿಗೆ ಅತಿನೇರಳೆ ಬೆಳಕು ತಾಗಿ ದೂರದ ಬೆಟ್ಟ ಮಸುಕಾಗುತ್ತಿತ್ತು, ಹಾಗಾಗಿ ಯುವಿಗೆ ಅರ್ಥವಿತ್ತು. ಈಗಿನ ಸೆನ್ಸರಿನ ಮುಂದೆ ಅದನ್ನು ತಡೆಯುವ ಗಾಜು ಮೊದಲೇ ಇದೆ. ಈಗ ಯುವಿ ಅಂದರೆ ಲೆನ್ಸಿಗೆ ಒಂದು ಕಾವಲು, ಅಷ್ಟೇ. ಕಡಲ ತೀರದಲ್ಲಿ, ಮರಳು ಹಾರುವಲ್ಲಿ ಹಾಕಿ. ಉಳಿದ ಕಡೆ ಹುಡ್ ಸಾಕು. ಸೂರ್ಯನನ್ನೋ ದೀಪವನ್ನೋ ಎದುರಿಟ್ಟು ತೆಗೆಯುವಾಗ ಬಿಚ್ಚಿಬಿಡಿ. ಇಲ್ಲದಿದ್ದರೆ ಚಿತ್ರದಲ್ಲಿ ಎಲ್ಲೋ ಒಂದು ಕಡೆ ಬೆಳಕಿನ ಚುಕ್ಕೆ ಬಂದು ಕೂರುತ್ತದೆ. ಯುವಿ ಮೇಲೆ ಸಿಪಿಎಲ್, ಅದರ ಮೇಲೆ ಎನ್‌ಡಿ ಅಂತ ಗೋಪುರ ಕಟ್ಟಬೇಡಿ. ವೈಡ್ ಲೆನ್ಸಿನ ಮೂಲೆಗಳು ಕಪ್ಪಾಗುತ್ತವೆ.

ನಮ್ಮ ಕಾಲದಲ್ಲಿ ಚೀಲದಲ್ಲಿ ಹಳದಿ, ಕಿತ್ತಳೆ, ಕೆಂಪು ಮೂರು ಗಾಜು ಇರುತ್ತಿದ್ದವು. ಹಳದಿ ಹಾಕಿದರೆ ಮೋಡ ಸ್ವಲ್ಪ ಎದ್ದು ಕಾಣುತ್ತಿತ್ತು. ಕೆಂಪು ಹಾಕಿದರೆ ನೀಲಿ ಆಕಾಶ ಹೆಚ್ಚುಕಡಿಮೆ ಕಪ್ಪು. ಆನ್ಸೆಲ್ ಆಡಮ್ಸ್ 1927ರ ಏಪ್ರಿಲ್ 10ರಂದು ಅಮೆರಿಕದ ಯೊಸೆಮಿಟಿಯಲ್ಲಿ ಹಾಫ್ ಡೋಮ್ ಬಂಡೆಯನ್ನು ಮೊದಲು ಹಳದಿ ಫಿಲ್ಟರಿನಲ್ಲಿ ತೆಗೆದರು. ತಮಗೆ ಅನಿಸಿದ ಗಾಂಭೀರ್ಯ ಅದರಲ್ಲಿ ಬರುವುದಿಲ್ಲ ಎನಿಸಿ ಕೊನೆಯ ಪ್ಲೇಟಿಗೆ ಕಡುಕೆಂಪು ಹಾಕಿದರು. ಇವತ್ತಿಗೂ ಜನ ನೋಡುವುದು ಆ ಎರಡನೆಯ ಚಿತ್ರವನ್ನು. ಅವರು ಗಾಜು ಬದಲಿಸಿದ್ದು ಮನಸ್ಸಿನಲ್ಲಿ ಚಿತ್ರ ಮೊದಲೇ ಮೂಡಿದ್ದರಿಂದ. ನೀವೂ ಎನ್‌ಡಿ ತಿರುಪುವ ಮೊದಲು ಎರಡು ನಿಮಿಷ ನೀರು ನೋಡುತ್ತ ನಿಲ್ಲಿ. ಆ ನೀರಿಗೆ ಭಾರ ಇದೆಯಾ, ನಯ ಇದೆಯಾ? ಭಾರ ಇದ್ದರೆ ಸಮಯ ಕಡಿಮೆ ಇರಲಿ. ನಯ ಬೇಕಾದರೆ ಸಮಯ ಹೆಚ್ಚಿಸಿ. ಜೋಗದಂಥ 830 ಅಡಿಯ ಬೀಳನ್ನು ಮೂವತ್ತು ಸೆಕೆಂಡ್ ತೆಗೆದರೆ ಹಾಲು ಚೆಲ್ಲಿದ ಹಾಗೆ ಆಗಿ ಅದರ ಎತ್ತರವೇ ಕಳೆದುಹೋಗುತ್ತದೆ. ಕಾಲು ಸೆಕೆಂಡಿನಿಂದ ಒಂದು ಸೆಕೆಂಡಿನೊಳಗೆ ನನಗೆ ಇಷ್ಟ.

ಇನ್ನೊಂದು. ಫಿಲ್ಟರ್ ಲೆನ್ಸಿಗೆ ಕಚ್ಚಿಕೊಂಡು ಬಿಚ್ಚಲು ಬಾರದಿದ್ದರೆ ಬೆರಳಿನಿಂದ ಹಿಸುಕಬೇಡಿ. ಹಿಸುಕಿದಷ್ಟೂ ರಿಂಗ್ ಅಂಡಾಕಾರವಾಗಿ ಇನ್ನೂ ಬಿಗಿಯಾಗುತ್ತದೆ. ತೊಳೆದ ರಬ್ಬರ್ ಚಪ್ಪಲಿಯ ಅಟ್ಟೆಯ ಮೇಲೆ ಫಿಲ್ಟರನ್ನು ಬೋರಲಾಗಿ ಮೆಲ್ಲಗೆ ಒತ್ತಿ ಲೆನ್ಸ್ ತಿರುಗಿಸಿ. ಸುತ್ತಲೂ ಒಂದೇ ಸಮ ಹಿಡಿತ ಸಿಗುವುದರಿಂದ ಬಿಟ್ಟುಕೊಳ್ಳುತ್ತದೆ.

ಕೊಡೆ ಮರೆತವಳು (ಮಡಿಕೇರಿ)

ನಡುವೆ ಒಂದು ಪ್ರಶ್ನೆ. ವೇರಿಯಬಲ್ ಎನ್‌ಡಿ ಒಂದೇ ತಗೊಂಡರೆ 2ರಿಂದ 8 ಸ್ಟಾಪ್‌ವರೆಗೆ ಎಲ್ಲ ಸಿಗುತ್ತದಲ್ಲ, ಅದು ಯಾಕೆ ಬೇಡ?

ಮೂರು ಕಾಲು

ವಿಡಿಯೊ ಮಾಡುವವರಿಗೆ ಅದು ತುಂಬ ಅನುಕೂಲ. ಆದರೆ ಅದರೊಳಗೆ ಇರುವುದು ಎರಡು ಪೋಲರೈಸರ್. ಒಂದರ ಮೇಲೆ ಒಂದನ್ನು ತಿರುಗಿಸಿ ಕತ್ತಲು ಮಾಡುತ್ತದೆ. ವೈಡ್ ಲೆನ್ಸಿನಲ್ಲಿ ತುಂಬ ತಿರುಗಿಸಿದರೆ ಚಿತ್ರದ ಮೇಲೆ ಗುಣಾಕಾರ ಚಿಹ್ನೆಯಂಥ ಕಪ್ಪು ಬರುತ್ತದೆ. ಅದನ್ನು ಆಮೇಲೆ ತೆಗೆಯಲು ಆಗುವುದಿಲ್ಲ. ಟೆಲಿ ಲೆನ್ಸಿಗೆ ಅಷ್ಟು ತೊಂದರೆ ಕಾಣುವುದಿಲ್ಲ.

ಅಗ್ಗದ ಸೆಟ್ಟುಗಳ ಬಗ್ಗೆಯೂ ಹೇಳಿಬಿಡುತ್ತೇನೆ. ನಾನು ಮೊದಲು ಆನ್‌ಲೈನಿನಲ್ಲಿ ಆರು ಎನ್‌ಡಿಗಳ ಒಂದು ಸೆಟ್ ತರಿಸಿದ್ದೆ. ಅದೇ ಮೊದಲ ಸಲ ಶಿವನಸಮುದ್ರಕ್ಕೆ ಒಯ್ದೆ. ಗಗನಚುಕ್ಕಿಯ ನೀರು ಪೂರ್ತಿ ನೇರಳೆ. ಬಣ್ಣದ ಛಾಯೆ ಸರಿಮಾಡುವ ವೈಟ್ ಬ್ಯಾಲೆನ್ಸ್ ಬದಲಿಸಿದರೆ ನೀರು ಸರಿಯಾಗುತ್ತಿತ್ತು, ಆಗ ಗಿಡಗಳು ಹಾಳಾಗುತ್ತಿದ್ದವು. ಇಡೀ ದಿನದ ಫೋಟೊ ಹೋಯಿತು. ಅದಕ್ಕೇ ಹೇಳುವುದು, ಪ್ರವಾಸಕ್ಕೆ ಮೂರು ವಾರ ಮೊದಲೇ ಕೊಂಡು ಮನೆಯ ಬಿಳಿ ಗೋಡೆಯ ಫೋಟೊ ತೆಗೆಯಿರಿ. ಫಿಲ್ಟರ್ ಹಾಕಿ ಒಂದು, ಹಾಕದೆ ಒಂದು. ಸ್ವಲ್ಪ ನೀಲಿ ಅಥವಾ ಸ್ವಲ್ಪ ಹಳದಿ ಬಂದರೆ ರಾ ಫೈಲಿನಲ್ಲಿ ಸರಿಮಾಡಬಹುದು. ನೇರಳೆ ಬಂದರೆ ವಾಪಸ್ ಕೊಡಿ. ಹೋಯಾ, ಬಿ ಪ್ಲಸ್ ಡಬ್ಲ್ಯೂ, ನಿಸಿ, ಕೆ ಅಂಡ್ ಎಫ್ ಯಾವುದಾದರೂ ಸರಿ. ಮಲ್ಟಿಕೋಟಿಂಗ್ ಇರಬೇಕು, ಅದರಲ್ಲೂ ನೀರು ನಿಲ್ಲದೆ ಜಾರುವ ಕೋಟಿಂಗ್ ಇದ್ದರೆ ಮಳೆಯಲ್ಲಿ ಬಹಳ ಉಪಯೋಗ.

ಫೋಕಸ್ ಮತ್ತು ಫ್ರೇಮ್ ಮೊದಲು ಮಾಡಿಕೊಂಡು ಆಮೇಲೆ ಎನ್‌ಡಿ ಹಾಕಿ. ಡಿಎಸ್‌ಎಲ್‌ಆರ್ ಆದರೆ ಕಣ್ಣಿಡುವ ಕಿಂಡಿಯನ್ನು ಮುಚ್ಚಿ, ಅಲ್ಲಿಂದಲೂ ಬೆಳಕು ನುಗ್ಗುತ್ತದೆ.

ಮಲೆನಾಡ ಮೋಡ

ಇವತ್ತು ತಗೊಂಡೆ. 77ರ ಸಿಪಿಎಲ್ ಒಂದು, ತೆಳು ಫ್ರೇಮಿನದು. 77ರ 6 ಸ್ಟಾಪ್ ಎನ್‌ಡಿ ಒಂದು. ಎರಡು ಸ್ಟೆಪ್ ಅಪ್ ರಿಂಗ್. ನಾಲ್ಕು ಮೈಕ್ರೊಫೈಬರ್ ಬಟ್ಟೆ. ಯುವಿ ಬಿಟ್ಟೆ. ದುಡ್ಡು ಇನ್ನೂ ಉಳಿದಿದೆ. ಕನ್ನಡಿ ಪರೀಕ್ಷೆಯನ್ನು ಅಂಗಡಿಯಲ್ಲೇ ಮಾಡಿದೆ. ಅಂಗಡಿಯವರೂ ಬಂದು ನೋಡಿದರು, ಮೇಷ್ಟ್ರೇ. ಬಿಳಿ ಗೋಡೆ ಪರೀಕ್ಷೆಯಲ್ಲಿ ಎನ್‌ಡಿಗೆ ತುಸು ನೀಲಿ ಬಂತು, ಸರಿಹೋಯಿತು.

ಶರಾವತಿ ಸೀಮೆ

ಒಳ್ಳೆಯದಾಯಿತು. ಹೊರಡುವ ಮೊದಲು ಇನ್ನೆರಡು ಮಾತು.

ಎಸಿ ಕೋಣೆಯಿಂದಲೋ ಎಸಿ ಕಾರಿನಿಂದಲೋ ಕ್ಯಾಮೆರಾ ಸೀದಾ ಹೊರಗೆ ತೆಗೆದರೆ ಗಾಜಿನ ಮೇಲೆ ಆವಿ ಕೂರುತ್ತದೆ. ಫಿಲ್ಟರಿಗೂ ಲೆನ್ಸಿಗೂ ನಡುವೆ ಕೂತರೆ ಒರೆಸಲೂ ಆಗುವುದಿಲ್ಲ. ಚೀಲದಲ್ಲೇ ಅರ್ಧ ಗಂಟೆ ಬಿಟ್ಟು ತೆಗೆಯಿರಿ. ಮನೆಗೆ ಬಂದ ಮೇಲೆ ಒದ್ದೆ ಚೀಲದಲ್ಲಿ ಹಾಗೇ ಇಡಬೇಡಿ. ಫಿಲ್ಟರಿಗೂ ಬೂಷ್ಟು ಹಿಡಿಯುತ್ತದೆ.

ಕಾಡಿನೊಳಗೆ ಸಿಪಿಎಲ್ ಒಂದೂವರೆ ಎರಡು ಸ್ಟಾಪ್ ಬೆಳಕು ತಿನ್ನುತ್ತದೆ. ಮೋಡ, ಮರದ ನೆರಳು ಎಲ್ಲ ಸೇರಿ ಎನ್‌ಡಿ ಇಲ್ಲದೆಯೇ ಅರ್ಧ ಸೆಕೆಂಡ್ ಬಂದುಬಿಡುತ್ತದೆ. ಹಳ್ಳದ ನೀರಿಗೆ ಅಷ್ಟೇ ಬೇಕಾಗಿದ್ದು. ಗಾಳಿ ಇದ್ದರೆ ಐಎಸ್‌ಓ 400ಕ್ಕೆ ಏರಿಸಿ, ಸೆನ್ಸರ್ ಬೇಗ ಬೆಳಕು ಹಿಡಿದು ಸಮಯ ಕಡಿಮೆಯಾಗುತ್ತದೆ.

ಇಂಬಳಕ್ಕೆ (ಕಾಡಿನ ಜಿಗಣೆಗೆ) ಉಪ್ಪು ಕಟ್ಟಿಕೊಳ್ಳಿ. ಟ್ರೈಪಾಡ್ ಪಕ್ಕ ನಿಂತಲ್ಲೇ ನಿಂತವರನ್ನು ಅವು ಬಿಡುವುದಿಲ್ಲ.

ಮಲೆನಾಡ ಮೋಡ

ನಿನ್ನೆ ರಾತ್ರಿ ಬಂದೆವು. ಎಲ್ಲರಿಗೂ ವರದಿ ಒಪ್ಪಿಸಬೇಕು.

ಜೋಗದಲ್ಲಿ ಮೊದಲ ದಿನ ಬರೀ ಬಿಳಿ. ಸದ್ದು ಮಾತ್ರ ಕೇಳುತ್ತಿತ್ತು. ಎರಡು ಗಂಟೆ ಕಾದೆವು. ಮಧ್ಯಾಹ್ನ ಮೂರೂವರೆ ಸುಮಾರಿಗೆ ಮಂಜು ಸರಿಯಿತು, ಬೆನ್ನಿಗೆ ಬಿಸಿಲು ಬಂತು, ತುಂತುರಿನಲ್ಲಿ ಕಾಮನಬಿಲ್ಲು ಎದ್ದಿತು. ನಾನು ಸಿಪಿಎಲ್ ತಿರುಗಿಸುತ್ತಿದ್ದ ಹಾಗೇ ಪರದೆಯಲ್ಲಿ ಬಿಲ್ಲು ಮಾಯ! ತಂಗಿ ಬರಿಗಣ್ಣಿನಲ್ಲಿ ನೋಡುತ್ತ ಇದೆ ಇದೆ ಅನ್ನುತ್ತಿದ್ದಾಳೆ, ನನಗೆ ಇಲ್ಲ. ಇನ್ನಷ್ಟು ತಿರುಗಿಸಿದಾಗ ಮೊದಲಿಗಿಂತ ಗಾಢವಾಗಿ ಬಂತು. ಎಂಟು ಹತ್ತು ನಿಮಿಷ ಅಷ್ಟೇ ಸಿಕ್ಕಿದ್ದು. ರಾಜ, ರೋರರ್ ಎರಡೂ ಮೂರನೇ ಒಂದು ಸೆಕೆಂಡಿನಲ್ಲಿ ತೆಗೆದೆ. ನೀರಿನ ಎಳೆಗಳು ಉಳಿದಿವೆ. ಹಳೆ ರೀಲು ಸರ್, ನೀವು ಹೇಳಿದ ಭಾರ ಕಾಣುತ್ತಿದೆ.

ಆಗುಂಬೆಯಲ್ಲಿ ಸೂರ್ಯಾಸ್ತ ನೋಡುವ ಜಾಗದಲ್ಲಿ ಸೂರ್ಯನೇ ಕಾಣಲಿಲ್ಲ. ಅದರ ಬೇಸರ ಇಲ್ಲ. ಎರಡು ದಿನವೂ ಹಳ್ಳಗಳ ಹತ್ತಿರವೇ ಇದ್ದೆವು. ಸಿಪಿಎಲ್ ಲೆನ್ಸಿನಿಂದ ಇಳಿಯಲೇ ಇಲ್ಲ. ಕಳೆದ ವರ್ಷದ ಅದೇ ಬಂಡೆ, ಅದೇ ಜರಿಗಿಡ. ಈ ಸಲ ಹಸಿರು ಹಸಿರಾಗಿಯೇ ಬಂದಿದೆ. ನೀರಿನ ತಳದ ಕೆಂಗಲ್ಲು ಕೂಡ ಕಾಣುತ್ತದೆ. ಮಳೆ ಹನಿ ಒರೆಸಿ ಒರೆಸಿ ನಾಲ್ಕೂ ಬಟ್ಟೆ ಒದ್ದೆ. ಮುಂದಿನ ಸಲ ಎಂಟು ಒಯ್ಯುತ್ತೇನೆ. 67ರ ರಿಂಗ್ ಕಚ್ಚಿಕೊಂಡಿತು, ಚಪ್ಪಲಿಯ ಉಪಾಯದಿಂದ ಮೂರೇ ಸೆಕೆಂಡಿನಲ್ಲಿ ಬಿಚ್ಚಿತು.

ಮರವಂತೆಗೆ ಕಡಲ ತಡಿ ಅಕ್ಕ ಹೇಳಿದ ಹಾಗೇ ಬಂದರು. ಮೊದಲು ಅವರ ರಿವರ್ಸ್ ಜಿಎನ್‌ಡಿ ಹಾಕಿ ತೆಗೆದೆ. ಆಕಾಶ, ಮರಳು ಎರಡೂ ಒಂದೇ ಫೋಟೊದಲ್ಲಿ. ಕಳೆದ ವರ್ಷ ನನಗೆ ಸಿಗದೇ ಇದ್ದದ್ದು ಇದೇ. ಸೂರ್ಯ ಮುಳುಗಿದ ಹತ್ತು ನಿಮಿಷಕ್ಕೆ ಬೆಳಕು ಸಮವಾಯಿತು, ಆಮೇಲೆ ಅದರ ಅಗತ್ಯ ಬೀಳಲಿಲ್ಲ. ನಂತರ ಎನ್‌ಡಿ ಹಾಕಿದೆ. 1/8 ಇದ್ದದ್ದು 8 ಸೆಕೆಂಡ್ ಆಯಿತು. ಕಡಲು ಮಂಜಿನ ಹಾಗೆ ಚಂದ ಬಂತು. ಆದರೆ ಮನೆಗೆ ಬಂದು ನೋಡಿದರೆ ನನಗೆ ಹೆಚ್ಚು ಇಷ್ಟವಾದದ್ದು ಬೇರೆ. ಎನ್‌ಡಿ ಬಿಚ್ಚಿ ಬರೀ ಸಿಪಿಎಲ್ ಇಟ್ಟು, ಅಲೆ ಹಿಂದಕ್ಕೆ ಸರಿಯುವಾಗ ಅರ್ಧ ಸೆಕೆಂಡಿಗೆ ತೆಗೆದದ್ದು. ಮರಳಿನ ಮೇಲೆ ನೊರೆ ಗೆರೆ ಗೆರೆಯಾಗಿ ಕಡಲಿನ ಕಡೆಗೆ ಎಳೆದುಕೊಂಡು ಹೋಗಿದೆ. ತಂಗಿ ಅದನ್ನೇ ಮನೆಯ ಗೋಡೆಗೆ ಹಾಕೋಣ ಅಂದಿದ್ದಾಳೆ.

ಜಿಎನ್‌ಡಿ ಸದ್ಯಕ್ಕೆ ಕೊಳ್ಳುವುದಿಲ್ಲ. ನಾನು ಹೆಚ್ಚಾಗಿ ಕಾಡಿಗೇ ಹೋಗುವವನು. ಉಳಿದ ದುಡ್ಡಿಗೆ ಮಳೆಯಲ್ಲಿ ಕ್ಯಾಮೆರಾ ಮುಚ್ಚುವ ಒಂದು ಒಳ್ಳೆಯ ಕವರ್ ತಗೊಳ್ಳುತ್ತೇನೆ.

ಬೆಳಕಿನ ಲೆಕ್ಕ

ಕಾಮನಬಿಲ್ಲಿನ ಬೆಳಕೂ ಬಿಲ್ಲಿನ ಉದ್ದಕ್ಕೆ ಪೋಲರೈಸ್ ಆಗಿರುತ್ತದೆ, ಅದಕ್ಕೇ ಮಾಯವಾಗಿದ್ದು. ಆ ಎರಡೂ ಫೋಟೊ, ಬಿಲ್ಲು ಇರುವುದು ಮತ್ತು ಇಲ್ಲದ್ದು, ನನಗೆ ಕಳಿಸುತ್ತೀರಾ? ಮಕ್ಕಳಿಗೆ ತೋರಿಸಬೇಕು. ತೊಟ್ಟಿಯ ನೀರಿಗಿಂತ ಇದು ಎಷ್ಟೋ ಚೆನ್ನಾಗಿದೆ.

ಮಲೆನಾಡ ಮೋಡ

ಇವತ್ತೇ ಕಳಿಸುತ್ತೇನೆ ಮೇಷ್ಟ್ರೇ. ಬಿಲ್ಲು ಇಲ್ಲದ್ದನ್ನು ಅಳಿಸಲು ಹೊರಟಿದ್ದೆ, ಸದ್ಯ ಇನ್ನೂ ಇದೆ.

ಕಡಲ ತಡಿ

ಅರ್ಧ ಸೆಕೆಂಡಿನ ಫೋಟೊ ನೋಡಿದೆ, ತುಂಬ ಇಷ್ಟವಾಯಿತು. ಡಿಸೆಂಬರಿನಲ್ಲಿ ಇನ್ನೊಮ್ಮೆ ಬನ್ನಿ. ರಸ್ತೆಯ ಈಚೆ, ಸೌಪರ್ಣಿಕಾ ಬದಿಗೆ. ಬೆಳಗ್ಗೆ ಆರೂವರೆಗೆ ಗಾಳಿ ಇರುವುದಿಲ್ಲ, ತೆಂಗಿನ ಸಾಲು ಪೂರ್ತಿ ನೀರಿನಲ್ಲಿ ಕಾಣುತ್ತದೆ. ಆಗ ಸಿಪಿಎಲ್ ಬಿಚ್ಚಿ ಚೀಲದಲ್ಲಿಡಿ. ಅಲ್ಲಿ ಬೇಕಾಗಿರುವುದೇ ಪ್ರತಿಬಿಂಬ.

ಮಲೆನಾಡ ಮೋಡ

ಎರಡನೇ ವಾರ ಬರುತ್ತೇವೆ ಅಕ್ಕ. ಸಾಫ್ಟ್ ಜಿಎನ್‌ಡಿ ನೀವು ತನ್ನಿ, ಬಟ್ಟೆ ನಾನು ತರುತ್ತೇನೆ.